ಹಳೆ ಕಾರಿನ ವಾಟರ್ ಪಂಪ್ ಪುಲ್ಲಿ ಬರುತ್ತಿಲ್ಲವೇ? ಸುತ್ತಿಗೆ, ಕೋಲಾ, ಬೆಂಕಿ ಸಲಹೆಗಳ ಅಸಲಿಯತ್ತೇನು?

ಹಳೆ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಇಂಥ ಸಲಹೆಗಳನ್ನು ಓದಿಯೇ ಇರುತ್ತೀರಿ. ‘ಪುಲ್ಲಿ ಬರದಿದ್ದರೆ ಸುತ್ತಿಗೆಯಿಂದ ನಾಲ್ಕೇಟು ಕೊಡಿ’, ‘ಕೋಲಾ ಸುರಿದು ಬಿಡಿ’, ‘ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿ’. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಅರ್ಧ ಸತ್ಯವಾದ್ದರಿಂದಲೇ ಇವು ಇಷ್ಟು ಸಲೀಸಾಗಿ ಹರಡುತ್ತವೆ.

ಪುಲ್ಲಿ ಅಂಟಿಕೊಳ್ಳುವುದು ಏಕೆ?

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದರಲ್ಲಿ ದಶಕಗಳ ಕಾಲ ಬಂದ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸರಣಿಯದು. ಇಂಥ ಎಂಜಿನ್ನಿನ ಮುಂಭಾಗದಲ್ಲಿ ವಾಟರ್ ಪಂಪ್ ಇರುತ್ತದೆ. ಪಂಪಿನ ಶಾಫ್ಟ್ ತುದಿಯಲ್ಲಿ ಹಬ್, ಹಬ್‌ನ ಮೇಲೆ ಪುಲ್ಲಿ, ಅದರ ಮುಂದೆ ಫ್ಯಾನ್. ಫ್ಯಾನ್ ಮತ್ತು ಪುಲ್ಲಿ ಎರಡನ್ನೂ ಹಿಡಿದಿಡುವುದು ಅದೇ ಬೋಲ್ಟ್‌ಗಳು.

ಹಾಗಾದರೆ ಬೋಲ್ಟ್ ಬಿಚ್ಚಿದ ಮೇಲೂ ಪುಲ್ಲಿ ಏಕೆ ಅಲುಗುವುದಿಲ್ಲ? ಪುಲ್ಲಿಯ ನಡುವಿನ ತೂತು ಹಬ್‌ನ ಉಬ್ಬಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ಹಳೆ ಪಂಪ್ ಸೋರಿದಾಗ ನೀರು ಆ ಸಣ್ಣ ಸಂದಿಗೆ ಇಳಿದು ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಿಗದೆ ಅದು ಎರಡೂ ಭಾಗಗಳನ್ನು ಆಪಿನಂತೆ ಬಿಗಿಯುತ್ತದೆ.

ಹೇಳಿಕೆ 1: ಸುತ್ತಿಗೆಯಿಂದ ಹೊಡೆದರೆ ಬರುತ್ತದೆ

ಅರ್ಧ ಸತ್ಯ. ಹಬ್‌ನ ಸುತ್ತ ಮೆಲ್ಲಗೆ ತಟ್ಟಿದರೆ ತುಕ್ಕಿನ ಪದರ ಬಿರುಕು ಬಿಡುತ್ತದೆ. ಆದರೆ ಪುಲ್ಲಿಯ ಅಂಚಿಗೆ ಹೊಡೆದರೆ ತಗಡಿನದು ಸೊಟ್ಟಗಾಗುತ್ತದೆ, ಎರಕದ್ದು ಸೀಳುತ್ತದೆ. ಸೊಟ್ಟ ಪುಲ್ಲಿಯಲ್ಲಿ ಬೆಲ್ಟ್ ನೇರವಾಗಿ ಓಡುವುದಿಲ್ಲ. ಅದು ಸವೆದು ದಾರಿಯಲ್ಲಿ ಕಿತ್ತುಹೋದರೆ ಪಂಪ್ ನಿಲ್ಲುತ್ತದೆ, ಎಂಜಿನ್ ಕುದಿಯುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟುವುದೂ ಅಷ್ಟೇ ಅಪಾಯ. ಅದು ಜಾರಿದರೆ ಎದುರಿಗಿರುವುದು ರೇಡಿಯೇಟರಿನ ತೆಳುವಾದ ಕೊಳವೆಗಳು.

ಹೇಳಿಕೆ 2: ಕೋಲಾ ತುಕ್ಕನ್ನು ಕರಗಿಸುತ್ತದೆ

ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇರುವುದು ನಿಜ. ಅದು ಮೇಲ್ಮೈ ತುಕ್ಕಿನ ಮೇಲೆ ನಿಧಾನವಾಗಿ ಕೆಲಸ ಮಾಡುವುದೂ ನಿಜ. ಆದರೆ ಅದು ತೀರಾ ದುರ್ಬಲ, ಒಳಗಿನ ಸಂದಿಗೆ ಇಳಿಯುವುದೂ ಕಷ್ಟ. ಕೊನೆಗೆ ಉಳಿಯುವುದು ಸಕ್ಕರೆಯ ಅಂಟು.

ಡಬ್ಲ್ಯುಡಿ-40 ಬಗ್ಗೆಯೂ ಇಂಥದೇ ನಂಬಿಕೆಯಿದೆ. ಹೆಸರಿನಲ್ಲಿರುವ ‘ಡಬ್ಲ್ಯುಡಿ’ ಎಂದರೆ ನೀರನ್ನು ಹೊರದೂಡುವುದು ಎಂದರ್ಥ. ಅದು ತುಕ್ಕನ್ನು ಕರಗಿಸುವ ರಾಸಾಯನಿಕವಲ್ಲ. ಇದಕ್ಕೆಂದೇ ಸಿಗುವ, ಸಂದಿಗೆ ಇಳಿಯುವ ಎಣ್ಣೆಯೇ ಹೆಚ್ಚು ಸೂಕ್ತ. ಅದಕ್ಕೂ ಒಂದು ರಾತ್ರಿಯ ಸಮಯ ಕೊಡಬೇಕು.

ಹೇಳಿಕೆ 3: ಕಾಯಿಸಿದರೆ ಸಡಿಲವಾಗುತ್ತದೆ

ಲೋಹ ಹಿಗ್ಗುತ್ತದೆ, ಸರಿ. ಎಷ್ಟು? 30 ಮಿ.ಮೀ. ಅಗಲದ ಉಕ್ಕಿನ ತೂತು 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು 0.036 ಮಿ.ಮೀ. ಮಾತ್ರ. ಒಳಗಿನ ಹಬ್ ಕೂಡ ಬಿಸಿಯಾದರೆ ಆ ಲಾಭವೂ ಕರಗುತ್ತದೆ. ಕಾರಿನೊಳಗೆ ಪೆಟ್ರೋಲ್ ಪೈಪು, ರಬ್ಬರ್, ಆಗಷ್ಟೇ ಸಿಂಪಡಿಸಿದ ಎಣ್ಣೆ ಎಲ್ಲವೂ ಪಕ್ಕದಲ್ಲೇ ಇರುತ್ತವೆ. ಅಲ್ಲಿ ಬೆಂಕಿ ಹಚ್ಚುವುದು ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು?

ಒಂದು ವಿಷಯ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ತೀರುತ್ತದೆ: ಪಂಪ್ ಗುಜರಿಗೆ ಹೋಗುವಂಥದ್ದು, ಪುಲ್ಲಿ ಉಳಿಯಬೇಕಾದದ್ದು. ಹೊಸ ಪಂಪ್ ಸಾಮಾನ್ಯವಾಗಿ ಹಬ್ ಸಮೇತ ಬರುತ್ತದೆ, ಪುಲ್ಲಿ ಮಾತ್ರ ಹಳೆಯದೇ. ಹಳೆ ಕಾರಿಗೆ ಇನ್ನೊಂದು ಪುಲ್ಲಿ ಹುಡುಕುವುದು ಸುಲಭವಲ್ಲ. ಆದ್ದರಿಂದ ಬಲ ಹಾಕಲೇಬೇಕಾದರೆ ಅದು ಹಳೆ ಪಂಪಿನ ಮೇಲೆ ಬೀಳಲಿ.

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಒತ್ತಡ ಇಳಿದ ಕೂಡಲೇ ಕುದಿನೀರು, ಹಬೆ ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿ ತಂತಿಯನ್ನೂ ಬಿಚ್ಚಿಡಿ.

2. ಕೂಲೆಂಟನ್ನು ಪಾತ್ರೆಗೆ ಇಳಿಸಿ, ಮುಚ್ಚಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ಮಕ್ಕಳು, ನಾಯಿ, ದನ ಬಾಯಿ ಹಾಕದಂತೆ ನೋಡಿಕೊಳ್ಳಿ.

3. ಫ್ಯಾನ್ ಬೆಲ್ಟ್ ತೆಗೆಯುವ ಮೊದಲೇ ಪುಲ್ಲಿ ಬೋಲ್ಟ್‌ಗಳನ್ನು ಸಡಿಲಿಸಿ. ಬೆಲ್ಟ್ ಬಿಗಿ ಇದ್ದರೆ ಪುಲ್ಲಿ ಸ್ಪ್ಯಾನರ್ ಜೊತೆ ತಿರುಗುವುದಿಲ್ಲ.

4. ಬೆಲ್ಟ್, ಫ್ಯಾನ್ ತೆಗೆದು ಹಬ್‌ನ ಸುತ್ತ ಎಣ್ಣೆ ಬಿಡಿ, ಒಂದು ರಾತ್ರಿ ಕಾಯಿರಿ. ಮರದ ತುಂಡು ಇಟ್ಟು ನಡುಭಾಗದ ಸುತ್ತಲೂ ಮೆಲ್ಲಗೆ ತಟ್ಟಿ.

5. ಆಗಲೂ ಬರದಿದ್ದರೆ ಪುಲ್ಲರ್ ಬಳಸಿ. ಅದರ ಕೊಕ್ಕೆಗಳು ತೆಳುವಾದ ಅಂಚನ್ನಲ್ಲ, ಹಬ್‌ಗೆ ಹತ್ತಿರದ ಗಟ್ಟಿ ಭಾಗವನ್ನು ಹಿಡಿಯಬೇಕು. ಕೆಲವೊಮ್ಮೆ ಹಬ್ ಕೂಡ ಪುಲ್ಲಿಯ ಜೊತೆಗೇ ಕಿತ್ತು ಬರುತ್ತದೆ. ಪಂಪ್ ಬದಲಾಗುತ್ತಿರುವುದರಿಂದ ನಷ್ಟವಿಲ್ಲ.

6. ಜಾಗ ಇರುವ ಎಂಜಿನ್‌ಗಳಲ್ಲಿ ಪಂಪ್ ಮತ್ತು ಪುಲ್ಲಿಯನ್ನು ಒಟ್ಟಿಗೇ ಹೊರತೆಗೆದು ಲೇತ್ ಅಂಗಡಿಗೆ ಒಯ್ಯಬಹುದು. ಅಲ್ಲಿ ಪುಲ್ಲಿಗೆ ಆಧಾರ ಕೊಟ್ಟು ಪ್ರೆಸ್‌ನಲ್ಲಿ ಪಂಪನ್ನು ಹೊರಗೆ ತಳ್ಳುತ್ತಾರೆ.

ಮತ್ತೆ ಜೋಡಿಸುವಾಗ ತುಕ್ಕು ಉಜ್ಜಿ ತೆಗೆದು, ಹಬ್‌ನ ಉಬ್ಬಿಗೆ ತೆಳುವಾಗಿ ಗ್ರೀಸ್ ಸವರಿ. ಬೆಲ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಿರಿ. ಅತಿಯಾಗಿ ಬಿಗಿದರೆ ಹೊಸ ಪಂಪಿನ ಬೇರಿಂಗ್ ಬೇಗ ಹಾಳಾಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಒಂದೇ ಏಟಿಗೆ ಪುಲ್ಲಿ ಕಳಚಿ ಬಂದ ವಿಡಿಯೊವನ್ನು ಜನ ಹಂಚುತ್ತಾರೆ. ಪುಲ್ಲಿ ಸೀಳಿದ, ರೇಡಿಯೇಟರ್ ತೂತಾದ ವಿಡಿಯೊವನ್ನು ಹಾಕುವವರು ಕಡಿಮೆ. ಹಾಗಾಗಿ ಗೆದ್ದ ಪ್ರಯೋಗಗಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ. ಇಂಥ ಸಲಹೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ಪುಲ್ಲಿಯನ್ನು ಹಿಡಿದಿರುವುದು ಏನು ಎಂದು ಇದರಲ್ಲಿ ಹೇಳಿದ್ದಾರೆಯೇ?’ ಹೇಳಿಲ್ಲವಾದರೆ ಆ ಸಲಹೆಯನ್ನು ಮುಂದಕ್ಕೆ ಕಳಿಸಬೇಡಿ.