ರಿಸೀವರ್ ಎತ್ತಿದರೆ ಸಾಕೇ?

ಫೋನಿನ ಕೆಲಸ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ್ದು ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಧ್ವನಿ ಇಂಪು, ತಾಳ್ಮೆ ಹೆಚ್ಚು, ನೆರಳಿನಲ್ಲಿ ಕುಳಿತು ಮಾಡುವ ಕೆಲಸ. ಹೊಗಳಿಕೆಯಂತೆ ಕಾಣುವ ಈ ಮಾತಿನೊಳಗೆ ಒಂದು ಬೇಲಿ ಇದೆ. ಮಾತಾಡುವ ತುದಿ ನಮಗೆ. ಮಾತನ್ನು ಸಾಗಿಸುವ ಯಂತ್ರ ಬೇರೆಯವರಿಗೆ.

ಈ ಬೇಲಿ ಇಂದಿನದಲ್ಲ. 1878ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆದಳು. 1891ರಲ್ಲೇ ಆಲ್ಮನ್ ಸ್ಟ್ರೋಜರ್ ಎಂಬಾತ ಆಪರೇಟರೇ ಬೇಡದ ಯಂತ್ರಕ್ಕೆ ಪೇಟೆಂಟ್ ಪಡೆದ. ನಮ್ಮಲ್ಲೂ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದ ಕಾಲ ನನ್ನ ವಯಸ್ಸಿನವರಿಗೆ ನೆನಪಿದೆ. 1986ರಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿಗೆ ಬಂತು. ಯಂತ್ರ ಬಂದಲ್ಲೆಲ್ಲ ಆಪರೇಟರ್ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ದನಿಯನ್ನೇ ನೆಚ್ಚಿದ ಕೆಲಸಕ್ಕೆ ಆಯುಸ್ಸು ಕಡಿಮೆ.

ಇಷ್ಟಾದರೂ ನಮಗೆ ಬುದ್ಧಿ ಬಂದಿದೆಯೇ? ನನ್ನ ತಂಗಿಯ ಮಗಳು ಬಿ.ಸಿ.ಎ. ಮುಗಿಸಿ, ಕಚೇರಿ ಫೋನ್ ವ್ಯವಸ್ಥೆ ಕಲಿಸುತ್ತೇವೆಂದು ಬೋರ್ಡು ಹಾಕಿದ್ದ ಒಂದು ತರಬೇತಿ ಕೇಂದ್ರಕ್ಕೆ ಸೇರಿದಳು. ಫೀಸು ಎಲ್ಲರಿಗೂ ಒಂದೇ. ಪಾಠ ಮಾತ್ರ ಎರಡು. ಹುಡುಗರಿಗೆ ಸರ್ವರ್ ಕೋಣೆ. ಹುಡುಗಿಯರಿಗೆ ಕರೆ ವರ್ಗಾಯಿಸುವುದು, ನಯವಾಗಿ ಮಾತಾಡುವುದು, ಜೊತೆಗೆ ಸರ್ಟಿಫಿಕೇಟಿಗಾಗಿ ಒಂದಷ್ಟು ಬಾಯಿಪಾಠ. "ಸರ್ವರ್ ತಲೆನೋವು ನಿಮಗ್ಯಾಕಮ್ಮಾ?" ಎಂದರಂತೆ ಮೇಷ್ಟ್ರು. "ದೊಡ್ಡಮ್ಮಾ, ಫೋನ್ ಕೆಟ್ಟಿದೆ ಅಂದ್ರೆ ನನಗೆ ಗೊತ್ತಿರೋ ರಿಪೇರಿ ಒಂದೇ, ಹುಡುಗರನ್ನ ಕರೆಯೋದು" ಎಂದಳು ಅವಳು. ಆ ಮಾತು ನನ್ನನ್ನು ಚುಚ್ಚಿತು. ಪುಸ್ತಕ ತರಿಸಿ, ರಜೆಯಲ್ಲಿ ಇಬ್ಬರೂ ಕೂತು ಓದಿದೆವು.

ಓದಿದ ಮೇಲೆ ಕೇಳುತ್ತೇನೆ, ಇದರಲ್ಲಿ ಗಂಡಸರಿಗೇ ಮೀಸಲಾದ ಬ್ರಹ್ಮವಿದ್ಯೆ ಏನಿದೆ? ಇಂದಿನ ಕಚೇರಿ ಫೋನೆಂದರೆ ಒಂದು ಪುಟ್ಟ ಕಂಪ್ಯೂಟರ್. ತಂತಿ ಸಿಕ್ಕಿಸಿದೊಡನೆ ಅದಕ್ಕೆ ತನ್ನದೊಂದು ವಿಳಾಸ ಬೇಕು. ಅದನ್ನು ಕೊಡುವುದು ಡಿ.ಎಚ್.ಸಿ.ಪಿ. ಸರ್ವರ್, ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಿಂತು ಯಾರಿಗೆ ಯಾವ ಬೆಂಚು ಎಂದು ತೋರಿಸುವ ಮೇಲ್ವಿಚಾರಕಿಯ ಹಾಗೆ. ಹೆಸರು ಹೇಳಿದರೆ ಅದರ ವಿಳಾಸ ಹುಡುಕಿಕೊಡುವುದು ಡಿ.ಎನ್.ಎಸ್. ಆಮೇಲೆ ಫೋನು ತನ್ನ ಮುಖ್ಯ ಸರ್ವರಿಗೆ "ನಾನು 204, ಹಾಜರ್" ಎಂದು ಹೇಳಿಕೊಳ್ಳುತ್ತದೆ. ಹಾಜರಿ ಹೇಳದ ಫೋನಿಗೆ ಕರೆ ಬರುವುದಿಲ್ಲ.

ಇನ್ನು ಡೈರೆಕ್ಟರಿ. ಹೆಸರು ಕೇಳಿ ಹಳೆಯ ದಪ್ಪ ಟೆಲಿಫೋನ್ ಪುಸ್ತಕ ನೆನೆಯಬೇಡಿ. ಇದು ನಮ್ಮ ಶಾಲೆಯ ದಾಖಲಾತಿ ಪುಸ್ತಕ. ಯಾರು, ಯಾವ ವಿಭಾಗ, ಯಾವ ನಂಬರ್, ಯಾರಿಗೆ ಎಲ್ಲಿಯವರೆಗೆ ಪ್ರವೇಶ ಎಂಬುದೆಲ್ಲ ಒಂದೇ ಕಡೆ. ಅಲ್ಲಿ ಹೆಸರು ತಪ್ಪಾದರೆ ಅಂಕಪಟ್ಟಿಯಲ್ಲೂ ತಪ್ಪು, ಟಿ.ಸಿ.ಯಲ್ಲೂ ತಪ್ಪು. ಕೆಲಸ ಬಿಟ್ಟವರ ಹೆಸರನ್ನು ಅಲ್ಲಿಂದ ತೆಗೆಯದಿದ್ದರೆ ಬೀಗದ ಕೈ ಅವರ ಬಳಿಯೇ ಉಳಿದಂತೆ. ಗಡಿಯಾರವೂ ಮುಖ್ಯ. ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಯಲ್ಲಿ ಸಮಯ 5 ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾದರೆ, ಬೇರೆ ಏರ್ಪಾಡು ಮಾಡಿರದಿದ್ದಲ್ಲಿ, ಸರಿಯಾದ ಪಾಸ್‌ವರ್ಡ್ ಕೊಟ್ಟವರನ್ನೂ ಅದು ಒಳಗೆ ಬಿಡದು. ಪ್ರಾರ್ಥನೆಯ ಗಂಟೆಗಿಂತ ಕಟ್ಟುನಿಟ್ಟು!

ದಿನಸಿ ಲೆಕ್ಕ, ಚೀಟಿ ಲೆಕ್ಕ, ಅರವತ್ತು ಮಕ್ಕಳ ಹಾಜರಿ ಇವನ್ನೆಲ್ಲ ತಪ್ಪಿಲ್ಲದೆ ನಡೆಸುವ ಹೆಂಗಸರಿಗೆ ಇದು ಅರ್ಥವಾಗದೇ? "ಈಗೆಲ್ಲ ಕ್ಲೌಡ್, ಸರ್ವರ್ ಕಲಿತು ಏನು ಪ್ರಯೋಜನ?" ಎನ್ನುವವರೂ ಇದ್ದಾರೆ. ಸರ್ವರ್ ಬೇರೆಯವರ ಕಟ್ಟಡಕ್ಕೆ ಹೋಗಿರಬಹುದು. ಹೆಸರು, ವಿಳಾಸ, ದಾಖಲಾತಿ ಹೋಗಿಲ್ಲ. ಬಾಡಿಗೆ ಮನೆಯಾದರೂ ಒಲೆ ಹಚ್ಚಲು ಬರಬೇಕಲ್ಲ! ಕಂಪನಿ ಬದಲಾದರೆ ಫೋನಿನ ಗುಂಡಿಗಳು ಬದಲಾಗುತ್ತವೆ, ಈ ಮೂಲಪಾಠ ಬದಲಾಗುವುದಿಲ್ಲ. ಗುಂಡಿಯನ್ನಷ್ಟೇ ಕಲಿತವಳು ಪ್ರತಿ ಸಲವೂ ಒಂದನೇ ತರಗತಿಗೆ ಸೇರಬೇಕು.

ಆದ್ದರಿಂದ ತಾಯಂದಿರಲ್ಲಿ ನನ್ನದೊಂದು ಮಾತು. ಮಗಳ ಫೀಸು ಕಟ್ಟುವ ಮುನ್ನ ಸರ್ಟಿಫಿಕೇಟಿನ ಬಣ್ಣ ನೋಡಬೇಡಿ. "ನನ್ನ ಮಗಳ ಕೈಯಿಂದಲೇ ಸರ್ವರ್ ಹೂಡಿಸುತ್ತೀರಾ? ಡೈರೆಕ್ಟರಿಯಲ್ಲಿ ಹೆಸರು ಸೇರಿಸಿ, ತೆಗೆದು, ಕೆಡಿಸಿ, ಸರಿಪಡಿಸಲು ಬಿಡುತ್ತೀರಾ?" ಎಂದು ಕೇಳಿ. ಇಲ್ಲ ಎಂದರೆ ಆ ಹಣ ಉಳಿಸಿ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೂ ಸಾಕು. ಆಸ್ಟರಿಸ್ಕ್ ಎಂಬ ಫೋನ್ ಸರ್ವರ್, ಓಪನ್ ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ಎರಡೂ ಬಿಟ್ಟಿಯಾಗಿ ಸಿಗುತ್ತವೆ. ಎರಡು ಮೊಬೈಲುಗಳನ್ನೇ ಅದರ ಫೋನುಗಳಾಗಿ ಮಾಡಿ ಅಭ್ಯಾಸ ಮಾಡಬಹುದು. ಅಡುಗೆಮನೆಯಿಂದ ಪಡಸಾಲೆಗೆ ಮೊದಲ ಕರೆ ಹೋಗಲಿ. ಆ ಕರೆಗೆ ಉತ್ತರಿಸುವವರು ಯಾರಾದರೂ ಸರಿಯೇ, ಅದು ಹೋಗುವಂತೆ ಮಾಡಿದವಳು ನಿಮ್ಮ ಮಗಳಾಗಿರಲಿ.