ಕಾಣಿಕೆ ಕೊಟ್ಟವರಿಗೆ ಲೆಕ್ಕ ಸಲ್ಲಬೇಕು: ಶ್ರೀಸಾಮಾನ್ಯ ಕಥೋಲಿಕರ ಹಕ್ಕೊತ್ತಾಯ ಪತ್ರ

ಇವರಿಗೆ: ಪೂಜ್ಯ ಧರ್ಮಾಧ್ಯಕ್ಷರು
ಇವರಿಂದ: ಧರ್ಮಪ್ರಾಂತ್ಯದ ಹಳ್ಳಿ ಮತ್ತು ಪಟ್ಟಣಗಳ ಧರ್ಮಕೇಂದ್ರಗಳಿಗೆ ಸೇರಿದ ಶ್ರೀಸಾಮಾನ್ಯ ವಿಶ್ವಾಸಿಗಳು

ಪೂಜ್ಯರೇ,

ನಮ್ಮ ಗುಡಿಗಳನ್ನು ಕಟ್ಟಿದವರು ನಮ್ಮ ಹಿರಿಯರು. ಕಲ್ಲು ಹೊತ್ತವರು, ಸುಗ್ಗಿಯಲ್ಲಿ ರಾಗಿ ಅಳೆದುಕೊಟ್ಟವರು, ಕಿವಿಯ ಓಲೆ ಬಿಚ್ಚಿ ಹರಕೆಗೆ ಒಪ್ಪಿಸಿದವರು ಅವರೇ. ಇಂದಿಗೂ ಭಾನುವಾರದ ಕಾಣಿಕೆ, ವರ್ಷದ ಚಂದಾ, ಹಬ್ಬದ ವಂತಿಗೆ, ಕಟ್ಟಡ ನಿಧಿ ಎಲ್ಲವೂ ನಮ್ಮ ಮನೆಗಳಿಂದಲೇ ಹೋಗುತ್ತವೆ. ಹೋದದ್ದು ಏನಾಯಿತೆಂದು ಕೇಳಿದವರಿಗೆ ಮೂರೇ ಬಗೆಯ ಉತ್ತರ ಸಿಕ್ಕಿದೆ: ದೇವರಿಗೆ ಕೊಟ್ಟದ್ದರ ಲೆಕ್ಕ ಕೇಳಬಾರದು; ಅದು ಹಿಂದಿನ ಗುರುಗಳ ಕಾಲದ್ದು, ನಮಗೆ ಗೊತ್ತಿಲ್ಲ; ಹೊರಗಿನವರು ಹೊಂಚು ಹಾಕಿರುವಾಗ ಮನೆಯ ಮಾತು ಬೀದಿಗೆ ಬರಬಾರದು.

ಮೂರನೆಯ ಉತ್ತರವನ್ನು ನಾವು ಒಪ್ಪುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ರಾಜ್ಯದ ಬೇರೆ ಕಡೆಗಳಲ್ಲೂ ಚರ್ಚುಗಳ ಮೇಲೆ ದಾಳಿಯಾದಾಗ ಬೀದಿಗಿಳಿದು ಲಾಠಿ ಏಟು ತಿಂದವರು ಶ್ರೀಸಾಮಾನ್ಯರು. ಗುಡಿ ಕಾಯಲು ಬೇಕಾದವರು ಗುಡಿಯ ಲೆಕ್ಕ ನೋಡಲು ಬೇಡವಾಗುವ ನ್ಯಾಯ ಯಾವುದು? ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಪ್ರತಿ ವರ್ಷ ಕೇಂದ್ರ ಸರ್ಕಾರಕ್ಕೆ ಪೈಸೆ ಪೈಸೆಯ ವಿವರ ಒಪ್ಪಿಸುತ್ತವೆ. ನಮ್ಮ ಹತ್ತು ರೂಪಾಯಿಯ ವಿವರ ನಮಗೆ ಸಿಗುವುದಿಲ್ಲ.

ಕೆಳಗಿನ ಬೇಡಿಕೆಗಳಲ್ಲಿ ಹೆಚ್ಚಿನವು 1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ, ಪೋಪರ ಆಜ್ಞೆಗಳಲ್ಲಿ, ದೇಶದ ಕಾಯಿದೆಗಳಲ್ಲಿ ಆಗಲೇ ಬರೆದಿಟ್ಟಿರುವಂಥವು. ಬಾಕಿ ಇರುವುದು ಜಾರಿ. ಅದರ ಹೊಣೆ ತಮ್ಮದು. ಧರ್ಮಸಭೆಯ ಹಿತದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಎನ್ನುತ್ತದೆ ಸಂಹಿತೆಯ 212ನೇ ಕಲಮು. ಆ ಕರ್ತವ್ಯದ ಮೇರೆಗೆ ಈ ಪತ್ರ.

ಕಾಣಿಕೆ ಮತ್ತು ಆಸ್ತಿ

1. ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೇ ಒಪ್ಪಿಸಬೇಕೆನ್ನುವ 1287ನೇ ಕಲಮಿನಂತೆ, ಪ್ರತಿ ಧರ್ಮಕೇಂದ್ರದ ಜಮಾ-ಖರ್ಚಿನ ಪಟ್ಟಿಯನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಬರೆದು ಗುಡಿಯ ಬಾಗಿಲ ಬಳಿ ಹಾಕಬೇಕು ಮತ್ತು ಭಾನುವಾರದ ಪೂಜೆಯ ನಂತರ ಸಭೆ ಕರೆದು ಓದಿ, ಪ್ರಶ್ನೆಗಳಿಗೆ ಉತ್ತರಿಸಬೇಕು.

2. 537ನೇ ಕಲಮು ಪ್ರತಿ ಧರ್ಮಕೇಂದ್ರಕ್ಕೂ ಕಡ್ಡಾಯ ಮಾಡಿರುವ ಹಣಕಾಸು ಸಮಿತಿ ಕಾಗದದ ಮೇಲಿನ ಹೆಸರುಗಳಾಗಿ ಉಳಿಯದೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತ್ತು ಅದರ ಸದಸ್ಯರು ಯಾರೆಂಬುದು ಇಡೀ ಊರಿಗೆ ಗೊತ್ತಿರಬೇಕು.

3. ಧರ್ಮಕೇಂದ್ರದ ಹಣವೆಲ್ಲ ಧರ್ಮಕೇಂದ್ರದ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇರಬೇಕು, ಅದರಿಂದ ಹಣ ತೆಗೆಯಲು ಗುರುಗಳ ಸಹಿಯ ಜೊತೆ ಒಬ್ಬ ಶ್ರೀಸಾಮಾನ್ಯ ಸದಸ್ಯರ ಸಹಿಯೂ ಬೇಕು.

4. ಕಾಣಿಕೆ ಡಬ್ಬಿಯ ಪಕ್ಕದಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಆ ಖಾತೆಯದ್ದೇ ಆಗಿರಬೇಕು, ಯಾವ ವ್ಯಕ್ತಿಯ ಮೊಬೈಲಿಗೂ ಜೋಡಣೆಯಾಗಿರಕೂಡದು.

5. ಒಂದು ಉದ್ದೇಶಕ್ಕೆಂದು ಎತ್ತಿದ ಹಣವನ್ನು 1267ನೇ ಕಲಮಿನ ಪ್ರಕಾರ ಅದೇ ಉದ್ದೇಶಕ್ಕೆ ಬಳಸಬೇಕು, ಸ್ಮಶಾನದ ಗೋಡೆಗೆ ಕೊಟ್ಟ ವಂತಿಗೆ ಗುರುಮನೆಯ ಟೈಲ್ಸ್ ಆಗಕೂಡದು.

6. ಗುರುಗಳು ವರ್ಗವಾಗಿ ಹೋಗುವ ಮುನ್ನ ರಿಜಿಸ್ಟರು, ರಸೀದಿ ಪುಸ್ತಕ, ಬಾಕಿ ಬಿಲ್ಲು, ಹರಕೆಯ ಚಿನ್ನ ಬೆಳ್ಳಿ ಎಲ್ಲವನ್ನೂ ಹಣಕಾಸು ಸಮಿತಿಯ ಎದುರಿಗೆ ಪಟ್ಟಿ ಮಾಡಿ ಬಂದವರಿಗೆ ಒಪ್ಪಿಸಿ ಸಹಿ ಹಾಕಬೇಕು, ಹಿಂದಿನವರ ಕಾಲದ್ದು ಗೊತ್ತಿಲ್ಲವೆಂಬ ಮಾತು ಅಂದಿಗೇ ನಿಲ್ಲಬೇಕು.

7. ಗುಡಿಗೆ ಸೇರಿದ ಜಮೀನು, ಅಂಗಡಿ ಮಳಿಗೆ, ಶಾಲೆಯ ಮೈದಾನಗಳ ಸರ್ವೆ ನಂಬರ್ ಸಹಿತವಾದ ಪಟ್ಟಿ ಪ್ರತಿ ಧರ್ಮಕೇಂದ್ರದಲ್ಲಿ ಯಾರು ಕೇಳಿದರೂ ನೋಡಲು ಸಿಗಬೇಕು.

8. ಮಾರಾಟ, ದೀರ್ಘಾವಧಿ ಗುತ್ತಿಗೆ, ಬಿಲ್ಡರುಗಳೊಂದಿಗೆ ಜಂಟಿ ಅಭಿವೃದ್ಧಿ ಯಾವುದೇ ಇರಲಿ, ಕರಾರಿಗೆ ಸಹಿ ಬೀಳುವ ತೊಂಬತ್ತು ದಿನ ಮುಂಚೆ ಆ ಧರ್ಮಕೇಂದ್ರದ ಜನರಿಗೆ ಲಿಖಿತ ತಿಳುವಳಿಕೆ ಕೊಟ್ಟು ಅವರ ಆಕ್ಷೇಪಣೆಗಳನ್ನು ದಾಖಲಿಸಬೇಕು.

9. ಧರ್ಮಪ್ರಾಂತ್ಯದ ಲೆಕ್ಕಪತ್ರಗಳನ್ನು ಹೊರಗಿನ ಸನ್ನದು ಲೆಕ್ಕಿಗರಿಂದ ತಪಾಸಣೆ ಮಾಡಿಸಿ, ಅವರು ಎತ್ತಿದ ಆಕ್ಷೇಪಗಳನ್ನೂ ಸೇರಿಸಿ ವರದಿಯನ್ನು ಪ್ರಕಟಿಸಬೇಕು.

10. ಸಂಸ್ಕಾರಗಳಿಗೆ ನಿಗದಿಯಾದ ಕಾಣಿಕೆಯ ದರಪಟ್ಟಿಯನ್ನು ಪ್ರತಿ ಗುಡಿಯಲ್ಲೂ ತೂಗುಹಾಕಬೇಕು, 848ನೇ ಕಲಮು ನಿಷೇಧಿಸಿರುವಂತೆ ಅದಕ್ಕಿಂತ ಹೆಚ್ಚಿಗೆ ಒಂದು ರೂಪಾಯಿಯನ್ನೂ ಕೇಳಕೂಡದು.

11. ಚಂದಾ ಬಾಕಿಯ ಕಾರಣಕ್ಕೆ ಮಗುವಿನ ಜ್ಞಾನಸ್ನಾನ, ಮಗಳ ಮದುವೆಯ ಪತ್ರ, ಸತ್ತವರ ಮಣ್ಣು ಇವುಗಳನ್ನು ತಡೆಯುವ ಪದ್ಧತಿಯನ್ನು, ಬಡವರಿಗೆ ಯೋಗ್ಯ ಶವಸಂಸ್ಕಾರ ತಪ್ಪಬಾರದೆನ್ನುವ 1181ನೇ ಕಲಮನ್ನು ಉಲ್ಲೇಖಿಸಿ, ಸುತ್ತೋಲೆಯ ಮೂಲಕ ನಿಲ್ಲಿಸಬೇಕು.

ಪಾಲನಾ ಮಂಡಳಿ

ಪಾಲನಾ ಮಂಡಳಿ ಇರಬೇಕೋ ಬೇಡವೋ ಎಂಬುದನ್ನು 536ನೇ ಕಲಮು ಧರ್ಮಾಧ್ಯಕ್ಷರ ತೀರ್ಮಾನಕ್ಕೆ ಬಿಟ್ಟಿದೆ, ಅದರ ಮಾತು ಸಲಹೆ ಮಾತ್ರ ಎಂದೂ ಹೇಳಿದೆ. ಆ ಸಡಿಲವನ್ನೇ ಹಿಡಿದುಕೊಂಡು ದಶಕಗಳು ಕಳೆದವು. 2024ರ ಅಕ್ಟೋಬರಿನಲ್ಲಿ ಮುಗಿದ ಸಿನೊಡ್‌ನ ಅಂತಿಮ ದಾಖಲೆ ಇಂಥ ಮಂಡಳಿಗಳು ಕಡ್ಡಾಯವಾಗಬೇಕೆಂದು ಒತ್ತಾಯಿಸಿತು. ಪೋಪ್ ಫ್ರಾನ್ಸಿಸ್ ಅದಕ್ಕೆ ಅನುಮೋದನೆ ಕೊಟ್ಟು ಪ್ರಕಟಿಸಿದರು. ಆ ಸಿನೊಡ್‌ಗಾಗಿ ನಮ್ಮ ಧರ್ಮಕೇಂದ್ರಗಳಲ್ಲೂ ಪ್ರಶ್ನಾವಳಿ ಹಂಚಿದ್ದರು, ನಾವೂ ಉತ್ತರ ಬರೆದಿದ್ದೆವು. ಬರೆದದ್ದು ಎಲ್ಲಿಗೆ ಹೋಯಿತೆಂದು ಯಾರೂ ಬಂದು ಹೇಳಲಿಲ್ಲ.

12. ಆರು ತಿಂಗಳೊಳಗೆ ಎಲ್ಲ ಧರ್ಮಕೇಂದ್ರಗಳಲ್ಲೂ ಪಾಲನಾ ಮಂಡಳಿ ರಚನೆಯಾಗಬೇಕು, ಅದರಲ್ಲಿ ಬಹುಪಾಲು ಸದಸ್ಯರು ಗುಪ್ತ ಮತದಾನದಿಂದ ಆಯ್ಕೆಯಾದವರೇ ಆಗಿರಬೇಕು.

13. ಮಂಡಳಿಯ ಸಲಹೆಯನ್ನು ಗುರುಗಳು ತಳ್ಳಿಹಾಕಿದಲ್ಲಿ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು.

14. ಧರ್ಮಾಧ್ಯಕ್ಷರು ಐದು ವರ್ಷಕ್ಕೊಮ್ಮೆಯಾದರೂ ಇಡೀ ಧರ್ಮಪ್ರಾಂತ್ಯವನ್ನು ಸಂದರ್ಶಿಸಬೇಕೆಂಬ 396ನೇ ಕಲಮಿನ ಭೇಟಿ ಹಾರ-ತುರಾಯಿ, ಬ್ಯಾಂಡು, ಊಟಗಳಲ್ಲಿ ಮುಗಿಯದೆ, ತಾವು ಊರಿನ ಗುರುಗಳ ಗೈರುಹಾಜರಿಯಲ್ಲಿ ಜನರೊಂದಿಗೆ ಕುಳಿತು ಮಾತಾಡುವುದಕ್ಕೆ ಅರ್ಧ ದಿನವಾದರೂ ಮೀಸಲಾಗಬೇಕು.

ದುಡಿಯುವವರು

ಪೋಪ್ 13ನೇ ಲಿಯೊ 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ಪತ್ರ ಕಾರ್ಮಿಕನಿಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಜಗತ್ತಿನ ಮಾಲೀಕರಿಗೆ ಹೇಳಿತು. 1286ನೇ ಕಲಮು ಅದೇ ಮಾತನ್ನು ಧರ್ಮಸಭೆಯ ಆಸ್ತಿ ನೋಡಿಕೊಳ್ಳುವವರಿಗೂ ಅನ್ವಯಿಸಿದೆ: ಕಾರ್ಮಿಕ ಕಾನೂನು ಪಾಲಿಸಬೇಕು, ಬದುಕಲು ಸಾಲುವಷ್ಟು ಸಂಬಳ ಕೊಡಬೇಕು. ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬ ಆಚರಿಸುವ ಶಾಲೆಯಲ್ಲೇ ಟೀಚರು ಒಂದು ಮೊತ್ತಕ್ಕೆ ಸಹಿ ಹಾಕಿ ಇನ್ನೊಂದು ಮೊತ್ತ ಎಣಿಸಿಕೊಂಡು ಹೋಗುವುದನ್ನು ನಾವು ಬಲ್ಲೆವು, ತಾವೂ ಬಲ್ಲಿರಿ.

15. ಧರ್ಮಪ್ರಾಂತ್ಯದ ಶಾಲೆ, ಆಸ್ಪತ್ರೆ, ಹಾಸ್ಟೆಲುಗಳ ಎಲ್ಲ ನೌಕರರ ಸಂಬಳ ಪೂರ್ತಿಯಾಗಿ ಬ್ಯಾಂಕ್ ಖಾತೆಗೇ ಜಮೆಯಾಗಬೇಕು, ಜಮೆಯಾದದ್ದರಲ್ಲಿ ಯಾವ ಹೆಸರಿನಲ್ಲೂ ಮರಳಿ ವಸೂಲಿ ಮಾಡಕೂಡದು.

16. ಭವಿಷ್ಯನಿಧಿ ಮತ್ತು ಇಎಸ್ಐ ಬಾಕಿಗಳನ್ನು ಚುಕ್ತಾ ಮಾಡಬೇಕು, ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿರುವುದರಿಂದ ನಿವೃತ್ತರಾದ ಟೀಚರುಗಳ ಬಾಕಿಯನ್ನು ಅವರು ಅರ್ಜಿ ಹಿಡಿದು ಅಲೆಯುವ ಮುನ್ನವೇ ಕೊಡಬೇಕು.

17. ಗುಡಿಯ ಗಂಟೆ ಹೊಡೆಯುವವರು, ಗುರುಮನೆಯ ಅಡುಗೆಯವರು, ಡ್ರೈವರು, ಗುಂಡಿ ತೋಡುವವರು ಎಲ್ಲರಿಗೂ ನೇಮಕಾತಿ ಪತ್ರ, ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಮತ್ತು ವಾರಕ್ಕೊಂದು ರಜೆ ಸಿಗಬೇಕು.

18. ಗುರುಗಳಿಲ್ಲದ ಭಾನುವಾರ ಜಪಸರ ನಡೆಸುವ, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗುವ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಉಪದೇಶಿಯವರನ್ನು 2021ರಲ್ಲಿ ಪೋಪ್ ಫ್ರಾನ್ಸಿಸ್ ಸ್ಥಾಪಿಸಿದ ಉಪದೇಶಿ ಸೇವಾಪದವಿಗೆ ವಿಧಿವತ್ತಾಗಿ ನೇಮಿಸಿ, ತೇರಿನ ದೀಪಾಲಂಕಾರಕ್ಕೆ ಹಣ ತೆಗೆದಿಡುವ ಮೊದಲು ಅವರ ಸಂಬಳಕ್ಕೆ ತೆಗೆದಿಡಬೇಕು.

19. ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ ದುಡಿಯುವ ಸಿಸ್ಟರುಗಳ ಸೇವೆಗೆ ಅವರ ಸಭೆಯೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡು ಸಲ್ಲಬೇಕಾದ ಹಣ ಸಲ್ಲಿಸಬೇಕು.

20. ಶಿಕ್ಷಣ ಹಕ್ಕು ಕಾಯಿದೆಯಿಂದ ಅಲ್ಪಸಂಖ್ಯಾತ ಶಾಲೆಗಳನ್ನು ಹೊರಗಿಟ್ಟ 2014ರ ಸುಪ್ರೀಂ ಕೋರ್ಟ್ ತೀರ್ಪಿನ ರಕ್ಷಣೆ ಪಡೆದಿರುವ ನಮ್ಮ ಶಾಲೆಗಳು, ಕಾಯಿದೆ ಕೇಳುವ ನಾಲ್ಕನೇ ಒಂದು ಭಾಗ ಸೀಟುಗಳನ್ನು ತಾವಾಗಿಯೇ ಊರಿನ ಬಡಮಕ್ಕಳಿಗೆ, ಯಾವ ಧರ್ಮದವರೇ ಆಗಿರಲಿ, ಶುಲ್ಕವಿಲ್ಲದೆ ಕೊಡಬೇಕು.

ಮಕ್ಕಳ ರಕ್ಷಣೆ

21. ದೌರ್ಜನ್ಯದ ದೂರು ಸ್ವೀಕರಿಸಲು ಸಾರ್ವಜನಿಕರಿಗೆ ಸುಲಭವಾಗಿ ಸಿಗುವ ಖಾಯಂ ವ್ಯವಸ್ಥೆ ಪ್ರತಿ ಧರ್ಮಪ್ರಾಂತ್ಯದಲ್ಲೂ ಇರಬೇಕೆಂದು 2019ರ ಪೋಪರ ಆಜ್ಞೆ ವಿಧಿಸಿರುವುದರಿಂದ, ಆ ಕಚೇರಿಯ ಫೋನ್ ನಂಬರನ್ನು ಪ್ರತಿ ಗುಡಿ, ಶಾಲೆ, ಹಾಸ್ಟೆಲಿನ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಬರೆಸಬೇಕು.

22. 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದ ಕೂಡಲೇ ಪೊಲೀಸರಿಗೆ ತಿಳಿಸಬೇಕು, ಮೊದಲು ಆಂತರಿಕ ವಿಚಾರಣೆ ಆಗಲಿ ಎಂಬ ಕಾರಣಕ್ಕೆ ಒಂದು ದಿನವೂ ತಡವಾಗಕೂಡದು.

23. ಆರೋಪ ಬಂದ ಗುರುಗಳನ್ನಾಗಲಿ ನೌಕರರನ್ನಾಗಲಿ ಬೇರೊಂದು ಧರ್ಮಕೇಂದ್ರಕ್ಕೆ ಕಳಿಸುವುದನ್ನು ಕ್ರಮ ಎಂದು ಕರೆಯಕೂಡದು, ತನಿಖೆ ಮುಗಿಯುವವರೆಗೆ ಅವರನ್ನು ಮಕ್ಕಳಿರುವ ಎಲ್ಲ ಹೊಣೆಗಳಿಂದ ದೂರವಿಡಬೇಕು.

24. ನೊಂದ ಮಗುವಿನ ಚಿಕಿತ್ಸೆ, ಆಪ್ತಸಮಾಲೋಚನೆ, ವಕೀಲರ ಖರ್ಚನ್ನು ಧರ್ಮಪ್ರಾಂತ್ಯವೇ ಭರಿಸಬೇಕು ಮತ್ತು ಆ ಕುಟುಂಬದ ಮನೆಗೆ ರಾಜಿ ಮಾತಾಡಲು ಯಾರನ್ನೂ ಕಳಿಸಕೂಡದು.

25. ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯಲ್ಲೂ 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯ ಪ್ರಕಾರ ಆಂತರಿಕ ಸಮಿತಿ ರಚಿಸಬೇಕು.

ಜಾತಿ

1950ರ ರಾಷ್ಟ್ರಪತಿ ಆದೇಶ ಕ್ರೈಸ್ತ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ತೆರೆದ ಬಾಗಿಲು ನಮ್ಮವರಿಗೆ ಇನ್ನೂ ತೆರೆದಿಲ್ಲ. ಅದಕ್ಕಾಗಿ ಧರ್ಮಾಧ್ಯಕ್ಷರು ದನಿಯೆತ್ತಿರುವುದು ಸರಿಯೇ, ನಾವೂ ಜೊತೆಗಿದ್ದೇವೆ. ಆದರೆ ಧರ್ಮಸಭೆಯ ಒಳಗೂ ಅಸ್ಪೃಶ್ಯತೆ ಇದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ತನ್ನ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ದೆಹಲಿಯಲ್ಲಿ ಕೇಳುವ ನ್ಯಾಯವನ್ನು ಮೊದಲು ನಮ್ಮೂರಿನ ಕೇರಿಗೆ ಕೊಡಬೇಕು.

26. ಸ್ಮಶಾನದಲ್ಲಿ ಜಾತಿಗೊಂದು ಮೂಲೆ, ಶವ ಸಾಗಿಸಲು ಜಾತಿಗೊಂದು ದಾರಿ ಎಲ್ಲಿದ್ದರೂ ಮುಂದಿನ ಸಕಲ ಮೃತರ ದಿನವಾದ ನವೆಂಬರ್ 2ರೊಳಗೆ ತೆಗೆದುಹಾಕಬೇಕು.

27. ಹಬ್ಬದ ತೇರು ಕೇರಿಯೊಳಗೂ ಹೋಗಬೇಕು, ಅದಕ್ಕೆ ಹೆಗಲು ಕೊಡುವ ಹಕ್ಕು ಕೇರಿಯವರಿಗೂ ಇರಬೇಕು, ಒಪ್ಪದ ಊರಿನಲ್ಲಿ ಆ ವರ್ಷ ತೇರೇ ಹೊರಡಕೂಡದು.

28. ಗುರುಮಠದ ವಿದ್ಯಾರ್ಥಿಗಳಲ್ಲಿ, ಶಾಲೆಗಳ ಖಾಯಂ ಹುದ್ದೆಗಳಲ್ಲಿ, ಧರ್ಮಪ್ರಾಂತ್ಯದ ಸಮಿತಿಗಳಲ್ಲಿ ದಲಿತ ಕ್ರೈಸ್ತರು ಎಷ್ಟು ಮಂದಿ ಇದ್ದಾರೆಂಬ ಅಂಕಿಅಂಶವನ್ನು ಪ್ರತಿ ವರ್ಷ ಪ್ರಕಟಿಸಬೇಕು.

ಹೆಣ್ಣುಮಕ್ಕಳು, ಭಾಷೆ, ವಲಸೆ ಬಂದವರು

29. ವಾಚಕ ಮತ್ತು ಪೀಠಸೇವಕ ಪದವಿಗಳನ್ನು 2021ರ ಜನವರಿಯಲ್ಲಿ ಹೆಂಗಸರಿಗೂ ತೆರೆದಿರುವುದರಿಂದ ಎಲ್ಲ ಧರ್ಮಕೇಂದ್ರಗಳಲ್ಲೂ ಅವರನ್ನು ಆ ಪದವಿಗಳಿಗೆ ನೇಮಿಸಬೇಕು, ಗುಡಿ ಗುಡಿಸಿ ಹೂ ಕಟ್ಟಿದವರು ಹಣಕಾಸು ಸಮಿತಿಯಲ್ಲೂ ಪಾಲನಾ ಮಂಡಳಿಯಲ್ಲೂ ಅರ್ಧದಷ್ಟು ಇರಬೇಕು.

30. ಕನ್ನಡ ಬಾರದ ಗುರುಗಳನ್ನು ಕನ್ನಡದ ಊರಿಗೆ ಕಳಿಸುವ ಮುನ್ನ ಪಾಪನಿವೇದನೆ ಕೇಳಿ ಅರ್ಥಮಾಡಿಕೊಳ್ಳುವಷ್ಟಾದರೂ ಭಾಷೆ ಕಲಿಸಬೇಕು, ತಮಿಳು, ಕೊಂಕಣಿ, ತೆಲುಗು, ಮಲಯಾಳಂ ಮನೆಮಾತಿನ ನಮ್ಮ ಸಹೋದರರ ಪೂಜೆಗೆ ಇದರಿಂದ ಯಾವ ಧಕ್ಕೆಯೂ ಆಗಕೂಡದು.

31. ಜಾರ್ಖಂಡ್, ಒಡಿಶಾಗಳಿಂದ ನಮ್ಮ ನಗರಗಳಿಗೆ ದುಡಿಯಲು ಬಂದಿರುವ ಆದಿವಾಸಿ ಕಥೋಲಿಕರಿಗೆ ಅವರ ರಜೆಯ ವೇಳೆಗೆ ಹೊಂದುವ ಪೂಜೆಯನ್ನೂ, ಕೂಲಿ ಬಾಕಿ ಉಳಿದಾಗ ಓಡಿಬರಲು ಒಂದು ಕಾನೂನು ನೆರವಿನ ಮೇಜನ್ನೂ ಒದಗಿಸಬೇಕು.

ಗಡುವು

32. ಈ ಪತ್ರದ ಪ್ರತಿ ಬೇಡಿಕೆಗೂ ಒಪ್ಪಿಗೆಯೋ ನಿರಾಕರಣೆಯೋ ಎಂಬುದನ್ನು, ನಿರಾಕರಣೆಯಾದರೆ ಕಾರಣ ಸಹಿತ, ತಮ್ಮ ಸಹಿಯೊಂದಿಗೆ ಲಿಖಿತವಾಗಿ ತಿಳಿಸಬೇಕು.

ಅರ್ಜಿಗೆ ಮೂರು ತಿಂಗಳೊಳಗೆ ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆಯೆಂದೇ ಎಣಿಸಿ ಮೇಲ್ಮನವಿ ಸಲ್ಲಿಸಲು ಸಂಹಿತೆಯ 57ನೇ ಕಲಮು ಅವಕಾಶ ಕೊಡುತ್ತದೆ. ಸ್ವೀಕೃತಿಯ ಮೊಹರು ಬಿದ್ದ ದಿನದಿಂದ ನಾವು ಆ ಮೂರು ತಿಂಗಳನ್ನು ಲೆಕ್ಕ ಹಿಡಿಯುತ್ತೇವೆ. ಆಮೇಲೆ ಧರ್ಮಸಭೆಗೆ ಸಂಬಂಧಿಸಿದ ಬೇಡಿಕೆಗಳು ರೋಮಿಗೆ ಹೋಗುತ್ತವೆ. ಸಂಬಳ, ಭವಿಷ್ಯನಿಧಿ, ಮಕ್ಕಳ ರಕ್ಷಣೆಯವು ಕಾರ್ಮಿಕ ಇಲಾಖೆಗೆ, ಭವಿಷ್ಯನಿಧಿ ಕಚೇರಿಗೆ, ಪೊಲೀಸರಿಗೆ ಹೋಗುತ್ತವೆ. ಮಕ್ಕಳ ವಿಷಯಕ್ಕೆ ಮಾತ್ರ ಮೂರು ತಿಂಗಳೂ ಕಾಯುವುದಿಲ್ಲ.

ಒಂದನೇ ಬೇಡಿಕೆ ಈಡೇರುವವರೆಗೆ ಕಟ್ಟಡ ನಿಧಿಗೂ ಹಬ್ಬದ ವಿಶೇಷ ವಂತಿಗೆಗೂ ನಾವು ಕೊಡುವುದಿಲ್ಲ. ಭಾನುವಾರದ ಕಾಣಿಕೆ ಎಂದಿನಂತೆ ಬೀಳುತ್ತದೆ, ಏಕೆಂದರೆ ಗುಡಿಯ ದೀಪಕ್ಕೂ ಗುರುಗಳ ಊಟಕ್ಕೂ ಕೊಡುವುದು ನಮ್ಮ ಹೊಣೆ. ಬಡವರ ಪಾಲಿನದನ್ನು ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರ ಕೈಗೆ ರಸೀದಿ ಪಡೆದು ಕೊಡುತ್ತೇವೆ.

ಸಹಿ ಮಾಡಿದವರು: ಧರ್ಮಕೇಂದ್ರವಾರು ಪಟ್ಟಿ ಲಗತ್ತಿಸಿದೆ

ಪ್ರತಿಗಳು:
ಭಾರತದಲ್ಲಿ ಪೋಪರ ರಾಯಭಾರಿ, ನವದೆಹಲಿ
ಧರ್ಮಪ್ರಾಂತ್ಯದ ಹಣಕಾಸು ಮಂಡಳಿಯ ಸದಸ್ಯರು
ಎಲ್ಲ ಧರ್ಮಕೇಂದ್ರಗಳ ಗುರುಗಳು, ಸೂಚನಾ ಫಲಕದಲ್ಲಿ ಹಾಕುವ ಸಲುವಾಗಿ