ಆಕಾಶದ ಫೋಟೊಗೆ ತಾರೀಖು ಬೇಕು

ಅರ್ಜೆಂಟೀನಾದ ರೊಸಾರಿಯೊ ನಗರದ ವಿಕ್ಟರ್ ಬೂಸೊ ವೃತ್ತಿಯಿಂದ ಬೀಗ ರಿಪೇರಿ ಮಾಡುವವರು. ಮನೆಯ ಮಹಡಿಯ ಮೇಲೆ ದೂರದರ್ಶಕ ಇಟ್ಟುಕೊಂಡು ರಾತ್ರಿ ಆಕಾಶದ ಫೋಟೊ ತೆಗೆಯುವುದು ಅವರ ಹವ್ಯಾಸ. 2016ರ ಸೆಪ್ಟೆಂಬರ್ 20ರ ರಾತ್ರಿ, ಹೊಸ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ನೋಡೋಣವೆಂದು, ಎನ್‌ಜಿಸಿ 613 ಎಂಬ ಗೆಲಾಕ್ಸಿಯ ಕಡೆ ದೂರದರ್ಶಕ ತಿರುಗಿಸಿ ಒಂದರ ಹಿಂದೊಂದು ಚಿತ್ರ ತೆಗೆದರು. ನಗರದ ದೀಪಗಳ ಬೆಳಕು ಚಿತ್ರವನ್ನು ಕೆಡಿಸಬಾರದೆಂದು ಪ್ರತಿ ಎಕ್ಸ್‌ಪೋಷರ್ 20 ಸೆಕೆಂಡು ಮಾತ್ರ. ಮೊದಲ ಕಂತಿನ ಚಿತ್ರಗಳಲ್ಲಿ ವಿಶೇಷವೇನೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತೆಗೆದ ಎರಡನೆಯ ಕಂತಿನಲ್ಲಿ, ಗೆಲಾಕ್ಸಿಯ ಒಂದು ತೋಳಿನ ತುದಿಯಲ್ಲಿ, ಮೊದಲು ಇಲ್ಲದಿದ್ದ ಚುಕ್ಕೆಯೊಂದು ಮೂಡಿತ್ತು. ಚಿತ್ರದಿಂದ ಚಿತ್ರಕ್ಕೆ ಅದರ ಹೊಳಪು ಏರುತ್ತಿತ್ತು.

ದೊಡ್ಡ ನಕ್ಷತ್ರವೊಂದು ಸಿಡಿಯುವಾಗ ಒಳಗಿನ ಆಘಾತದ ಅಲೆ ಮೇಲ್ಮೈಯನ್ನು ಒಡೆದು ಹೊರಬರುವ ಗಳಿಗೆ ಅದು. ಯಾವ ನಕ್ಷತ್ರ, ಯಾವ ರಾತ್ರಿ ಎಂದು ಮೊದಲೇ ಹೇಳಲು ಬರುವುದಿಲ್ಲವಾದ್ದರಿಂದ ದೊಡ್ಡ ವೀಕ್ಷಣಾಲಯಗಳಿಗೂ ಅದು ಸಿಗುವುದು ತೀರಾ ಅಪರೂಪ. ಖಗೋಳ ವಿಜ್ಞಾನಿ ಮೆಲಿನಾ ಬರ್ಸ್ಟೆನ್ ನೇತೃತ್ವದ ತಂಡ ಆ ಚಿತ್ರಗಳನ್ನು ಅಳೆದು ನೋಡಿ 2018ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿತು. ಲೇಖಕರ ಪಟ್ಟಿಯಲ್ಲಿ ಬೂಸೊ ಹೆಸರೂ ಇದೆ.

ಆ ಚಿತ್ರಗಳನ್ನು ಯಾರೂ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಿಲ್ಲ. ಮಸುಕು ಮಸುಕಾದ ಗೆಲಾಕ್ಸಿ, ಅದರ ಅಂಚಿನಲ್ಲೊಂದು ಚುಕ್ಕೆ, ಅಷ್ಟೆ. ಅವುಗಳಿಗೆ ಬೆಲೆ ಬಂದದ್ದು ಪ್ರತಿ ಚಿತ್ರದ ಜೊತೆಗೂ ಅದನ್ನು ತೆಗೆದ ಹೊತ್ತು ದಾಖಲಾಗಿದ್ದರಿಂದ, ಮತ್ತು ಏನೂ ಕಾಣದ ಮೊದಲ ಕಂತನ್ನು ಬೂಸೊ ಅಳಿಸದೆ ಉಳಿಸಿಕೊಂಡಿದ್ದರಿಂದ. ಕರ್ನಾಟಕದ ಹವ್ಯಾಸಿ ಆಕಾಶ ಛಾಯಾಗ್ರಾಹಕರು ಗಮನಿಸಬೇಕಾದದ್ದು ಇದನ್ನೇ. ಅವರು ತೆಗೆಯುತ್ತಿರುವ ಚಿತ್ರಗಳು ಮೊಬೈಲಿನಲ್ಲಿ ಒಂದು ದಿನ ಮೆಚ್ಚುಗೆ ಪಡೆದು ಮರೆಯಾಗುತ್ತಿವೆ. ಅವು ದಾಖಲೆಗಳಾಗಿ ಉಳಿಯಬೇಕು. ಉಳಿಸಿಕೊಳ್ಳುವ ವ್ಯವಸ್ಥೆಯೊಂದನ್ನು ರಾಜ್ಯ ಕಟ್ಟಬೇಕು.

ಹಳೆಯ ಚಿತ್ರಗಳಿಗೆ ಎಂಥ ಬೆಲೆಯಿದೆ ಎಂಬುದಕ್ಕೆ ಕೊಡೈಕೆನಾಲ್ ಸಾಕ್ಷಿ. ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ಸಂಸ್ಥೆ ನಡೆಸುವ ಆ ಸೌರ ವೀಕ್ಷಣಾಲಯದಲ್ಲಿ 1904ರಿಂದ ಮೋಡವಿಲ್ಲದ ದಿನಗಳಲ್ಲೆಲ್ಲ ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ಗಾಜಿನ ಫಲಕಗಳಲ್ಲೂ ಫಿಲ್ಮಿನಲ್ಲೂ ಇದ್ದ ಆ ಸಂಗ್ರಹವನ್ನು ಈಗ ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಸೌರಕಲೆಗಳು ಎಷ್ಟು ಮೂಡಿದವು, ಯಾವ ಅಕ್ಷಾಂಶದಲ್ಲಿ ಮೂಡಿದವು, ಚಕ್ರದಿಂದ ಚಕ್ರಕ್ಕೆ ಏನು ಬದಲಾಯಿತು ಎಂದು ಕೇಳುವ ಇಂದಿನ ಸಂಶೋಧಕರು ಆ ಹಳೆಯ ಚಿತ್ರಗಳನ್ನೇ ತೆರೆದು ನೋಡುತ್ತಾರೆ. 1910ರ ಸೂರ್ಯನನ್ನು ಮತ್ತೆ ಫೋಟೊ ತೆಗೆಯಲು ಯಾರಿಂದಲೂ ಆಗದು. ಅಲ್ಲಿ 1918ರಿಂದ ಈ ದಿನಚರಿಗೆ ಬಳಸಿದ ದೂರದರ್ಶಕದ ಮಸೂರದ ಅಗಲ 15 ಸೆಂ.ಮೀ. ಅಷ್ಟು ಅಗಲದ, ಅದಕ್ಕಿಂತ ದೊಡ್ಡ ಉಪಕರಣಗಳೂ ಇಂದು ಬೆಂಗಳೂರಿನ ತಾರಸಿಗಳ ಮೇಲಿವೆ. ಇಲ್ಲದಿರುವುದು ದಿನಚರಿ.

ಇನ್ನೂ ಹಿಂದಿನ ಮಾತು. ಜರ್ಮನಿಯ ದೆಸ್ಸಾವ್ ಊರಿನ ಹೈನ್ರಿಶ್ ಶ್ವಾಬೆ ಔಷಧಿ ಅಂಗಡಿಯ ಮನುಷ್ಯ. ಬುಧಗ್ರಹಕ್ಕಿಂತ ಒಳಗೆ ಇನ್ನೊಂದು ಗ್ರಹ ಇದ್ದೀತೆಂದು ನಂಬಿ, ಅದು ಸೂರ್ಯನ ಎದುರು ಹಾದುಹೋಗುವುದನ್ನು ಹಿಡಿಯಲು 1820ರ ದಶಕದಿಂದ ದಿನ ಬಿಡದೆ ಸೂರ್ಯಬಿಂಬದ ಕಲೆಗಳನ್ನು ಬರೆದಿಟ್ಟರು. ಆ ಗ್ರಹ ಇರಲೇ ಇಲ್ಲ. ಆದರೆ ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಕಡಿಮೆಯಾಗುತ್ತವೆ ಎಂಬ ಸಂಗತಿ ಅವರ ಪುಸ್ತಕಗಳಲ್ಲಿ ಕೂಡಿಬಂತು. 1844ರಲ್ಲಿ ಅದು ಪ್ರಕಟವಾಯಿತು. ಸೌರಚಕ್ರವನ್ನು ಜಗತ್ತಿಗೆ ತೋರಿಸಿದವರು ಒಬ್ಬ ಹವ್ಯಾಸಿ.

ನಮ್ಮ ಹವ್ಯಾಸಿಗಳೂ ಇಂಥ ದಿನಚರಿಯನ್ನು ಸೂರ್ಯನಿಂದಲೇ ಶುರುಮಾಡಬೇಕು ಎನ್ನಲು ಇನ್ನೊಂದು ಕಾರಣವಿದೆ. ನಗರದ ದೀಪಗಳು ಸೂರ್ಯನ ಚಿತ್ರವನ್ನು ಕೆಡಿಸುವುದಿಲ್ಲ. ಕಾಡಿಗೆ ಹೋಗಬೇಕಿಲ್ಲ, ನಿದ್ದೆಗೆಡಬೇಕಿಲ್ಲ. ನೆಲ ಕಾದು ಗಾಳಿ ಕುದಿಯುವ ಮುಂಚೆ, ಬೆಳಗಿನ ಹೊತ್ತು ಬಿಂಬ ಹೆಚ್ಚು ಸ್ಥಿರವಾಗಿರುತ್ತದೆ. ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ ಸೌರ ಫಿಲ್ಟರನ್ನು ದೂರದರ್ಶಕದ ಮುಂಭಾಗಕ್ಕೆ, ಗಾಳಿಗೆ ಹಾರದಂತೆ, ಬಿಗಿಯಾಗಿ ಕಟ್ಟಬೇಕು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಕಣ್ಣು ಇಡುವ ಕಡೆ ಹಾಕುವ ಪುಟ್ಟ ಫಿಲ್ಟರ್, ಇವು ಯಾವುವೂ ಕೂಡದು, ಇದರಲ್ಲಿ ರಾಜಿಯಿಲ್ಲ. ಇಷ್ಟಾದರೆ ಒಂದು ಪ್ರೌಢಶಾಲೆಯ ಮಕ್ಕಳು ಮೇಷ್ಟರ ಕಣ್ಗಾವಲಿನಲ್ಲಿ ದಿನಕ್ಕೊಂದು ಸೂರ್ಯನ ಚಿತ್ರ ತೆಗೆಯಬಲ್ಲರು. ಕಲೆಗಳು ದಿನದಿಂದ ದಿನಕ್ಕೆ ಸರಿಯುವುದನ್ನು ನೋಡಿ, ಭೂಮಿಯಿಂದ ಕಾಣುವಂತೆ ಸೂರ್ಯ ಸುಮಾರು 27 ದಿನಕ್ಕೊಂದು ಸುತ್ತು ತಿರುಗುತ್ತಾನೆಂದು ತಾವೇ ಲೆಕ್ಕ ಹಾಕಬಲ್ಲರು. 2024ರ ಮೇ ತಿಂಗಳಲ್ಲಿ ದೊಡ್ಡದೊಂದು ಕಲೆಗಳ ಗುಂಪು ಸೂರ್ಯನ ಮೇಲಿತ್ತು. ಅಲ್ಲಿಂದ ಹೊರಟ ಸ್ಫೋಟಗಳು 2003ರ ನಂತರದ ಅತಿ ಪ್ರಬಲ ಭೂಕಾಂತೀಯ ಬಿರುಗಾಳಿಯನ್ನು ಎಬ್ಬಿಸಿದವು; ಲಡಾಖಿನ ಹಾನ್ಲೆಯ ಕ್ಯಾಮೆರಾಗಳು ಕೆಂಪು ಧ್ರುವಪ್ರಭೆಯನ್ನು ಹಿಡಿದವು. ಆ ಗುಂಪನ್ನು ಗ್ರಹಣದ ಕನ್ನಡಕ ಹಾಕಿಕೊಂಡು ಬರಿಗಣ್ಣಲ್ಲೇ ಕಾಣಬಹುದಿತ್ತು. ದಿನಚರಿ ಇದ್ದ ಶಾಲೆಗೆ ಅದು ಸಿಕ್ಕುತ್ತಿತ್ತು.

ರಾತ್ರಿಯ ಕೆಲಸ ಹೆಚ್ಚು ಕಷ್ಟದ್ದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಟ್ರೈಪಾಡಿನ ಮೇಲೆ ಸುಮ್ಮನೆ ಇಟ್ಟ ಕ್ಯಾಮೆರಾದಲ್ಲಿ ಅರ್ಧ ನಿಮಿಷದೊಳಗೇ ನಕ್ಷತ್ರಗಳು ಗೀರುಗಳಾಗಿಬಿಡುತ್ತವೆ. ಆಕಾಶದ ಜೊತೆಗೆ ತಿರುಗುವ ಮೌಂಟ್ ಬೇಕು. ಅದನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ಧ್ರುವ ನಕ್ಷತ್ರವೋ ಬೆಂಗಳೂರಿನಲ್ಲಿ ದಿಗಂತದಿಂದ ಬರೀ 13 ಡಿಗ್ರಿ, ಬೀದರ್‌ನಲ್ಲಿ 18 ಡಿಗ್ರಿ ಮೇಲಿರುತ್ತದೆ. ಉತ್ತರಕ್ಕೊಂದು ಮರ, ಒಂದು ಮಹಡಿ ಮನೆ ಅಡ್ಡ ಬಂದರೆ ಅದು ಕಾಣುವುದೇ ಇಲ್ಲ. ಅದೇ ತಗ್ಗು ಅಕ್ಷಾಂಶ ಇನ್ನೊಂದು ಕಡೆಯಿಂದ ಕೈತುಂಬ ಕೊಡುತ್ತದೆ. ಯುರೋಪಿನ ಬಹುಪಾಲು ಹವ್ಯಾಸಿಗಳಿಗೆ ಕಾಣದ ತ್ರಿಶಂಕು ನಕ್ಷತ್ರಪುಂಜ, ಒಮೆಗಾ ಸೆಂಟಾರಿ ಗುಚ್ಛ, ಕರೀನಾ ನಿಹಾರಿಕೆ, ಅಗಸ್ತ್ಯ ನಕ್ಷತ್ರ ಇವೆಲ್ಲ ಕನ್ನಡ ನಾಡಿನ ದಕ್ಷಿಣ ದಿಗಂತದ ಮೇಲೆ ಬರುತ್ತವೆ. ಉತ್ತರದ ದೇವಯಾನಿ ಗೆಲಾಕ್ಸಿಯೂ ಚೆನ್ನಾಗಿ ಕಾಣುತ್ತದೆ. ಎರಡೂ ಗೋಳಾರ್ಧಗಳ ಆಕಾಶ ಒಂದೇ ಅಂಗಳದಿಂದ ಸಿಗುವ ಇಂಥ ಜಾಗಗಳು ಜಗತ್ತಿನಲ್ಲಿ ಎಲ್ಲೆಡೆ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಕೈಬಿಟ್ಟು ಹೋಗುತ್ತವೆ, ನಿಜ. ಸಂಜೆಯ ಆಕಾಶದಲ್ಲಿ ಆಕಾಶಗಂಗೆಯ ಮಧ್ಯಭಾಗ ಮೇಲೇರುವ ಹೊತ್ತಿಗೇ ಮುಂಗಾರು ಕವಿಯುತ್ತದೆ.

ಮಸುಕಾದ ವಸ್ತುವನ್ನು ಹಿಡಿಯಲು ಹವ್ಯಾಸಿಗಳ ಬಳಿ ಇರುವ ಬಲ ತಾಳ್ಮೆಯೊಂದೇ. ಒಂದೇ ಜಾಗದ ನೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆದರೆ ಚಿತ್ರದಲ್ಲಿನ ಗದ್ದಲದ (ನಾಯ್ಸ್) ಕಾಳುಗಳು ಹತ್ತನೇ ಒಂದಕ್ಕೆ ಇಳಿಯುತ್ತವೆ. ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ಇದು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ದೇವಯಾನಿಯೇ ಉದಾಹರಣೆ. 1888ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಐಸಾಕ್ ರಾಬರ್ಟ್ಸ್ ತೆಗೆದ ದೀರ್ಘ ಎಕ್ಸ್‌ಪೋಷರ್‌ನ ಫೋಟೊದಲ್ಲಿ ಅದರ ಸುರುಳಿ ಆಕಾರ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಅದನ್ನು ಚಿತ್ರಿಸದ ದೊಡ್ಡ ದೂರದರ್ಶಕವೇ ಇಲ್ಲವೆನ್ನಬೇಕು. ಹಾಗಿದ್ದೂ 2022ರಲ್ಲಿ ಫ್ರಾನ್ಸಿನ ಯಾನ್ ಸೆಂಟಿ ಚಿಕ್ಕ ದೂರದರ್ಶಕದಿಂದ ನೂರಕ್ಕೂ ಹೆಚ್ಚು ಗಂಟೆಗಳ ಎಕ್ಸ್‌ಪೋಷರ್ ಕೂಡಿಸಿದಾಗ, ಗೆಲಾಕ್ಸಿಯ ಪಕ್ಕದಲ್ಲೇ ಆಮ್ಲಜನಕದ ಬೆಳಕು ಸೂಸುವ ದೊಡ್ಡದೊಂದು ನೀಲಿ ಕಮಾನು ಕಂಡಿತು. ಅವರೂ, ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಎಂಬ ಇನ್ನಿಬ್ಬರು ಹವ್ಯಾಸಿಗಳೂ ವಿಜ್ಞಾನಿಗಳೊಂದಿಗೆ ಸೇರಿ ಅದನ್ನು ಪ್ರಕಟಿಸಿದರು. ಅಷ್ಟು ಅಗಲದ, ಅಷ್ಟು ಮಸುಕಿನ ಕಮಾನಿಗಾಗಿ ಅಷ್ಟು ಗಂಟೆ ಕೊಡಲು ದೊಡ್ಡ ವೀಕ್ಷಣಾಲಯಗಳಿಗೆ ಬಿಡುವಿಲ್ಲ.

ಇಂಥ ಕೆಲಸಕ್ಕೂ ಚಿತ್ರ ಕಟ್ಟುವ ಆಟಕ್ಕೂ ನಡುವಿನ ಗೆರೆ ಈಗ ಅಳಿಸುತ್ತಿದೆ, ಇದು ಕಳವಳದ ಸಂಗತಿ. ಒಂದೂರಿನ ದೇವಸ್ಥಾನದ ಗೋಪುರದ ಮೇಲೆ ಇನ್ನೊಂದೂರಿನ ಆಕಾಶಗಂಗೆಯನ್ನು ಅಂಟಿಸುತ್ತಾರೆ. ಕೆಲವು ಮೊಬೈಲುಗಳ ಸಾಫ್ಟ್‌ವೇರ್ ಚಂದ್ರನನ್ನು ಗುರುತಿಸಿ, ಮಸೂರ ಕಾಣದ ಕುಳಿಗಳನ್ನು ತಾನೇ ತುಂಬುತ್ತದೆ. ಬಣ್ಣ ಎತ್ತುವುದು, ಚಿತ್ರ ಕೂಡಿಸುವುದು ತಪ್ಪಲ್ಲ. ಅದಿಲ್ಲದೆ ನಿಹಾರಿಕೆ ಕಾಣುವುದೇ ಇಲ್ಲ. ಏನು ಮಾಡಿದೆವೆಂದು ಹೇಳದಿರುವುದು ತಪ್ಪು. ಅಡಿಬರಹದಲ್ಲಿ ಜಾಗ, ದಿನಾಂಕ, ಹೊತ್ತು, ಉಪಕರಣ, ಎಕ್ಸ್‌ಪೋಷರ್ ಐದೂ ಇದ್ದರೆ ಚಿತ್ರ ನಂಬಿಕೆಗೆ ಅರ್ಹವಾಗುತ್ತದೆ. ಪತ್ರಿಕೆಗಳೂ ಇವನ್ನು ಕೇಳಿ ಪಡೆದೇ ಅಚ್ಚು ಹಾಕಬೇಕು.

ಆಕಾಶವೇ ಮಾಸುತ್ತಿರುವಾಗ ದಾಖಲೆಗೆ ಇನ್ನಷ್ಟು ಅವಸರವಿದೆ. ಜಗತ್ತಿನ ಸಾವಿರಾರು ಜನರು 2011ರಿಂದ 2022ರವರೆಗೆ ಬರಿಗಣ್ಣಿಗೆ ಕಂಡ ಆಕಾಶವನ್ನು ನಕ್ಷತ್ರ ನಕ್ಷೆಗಳೊಂದಿಗೆ ಹೋಲಿಸಿ ಕೊಟ್ಟ ವರದಿಗಳನ್ನು ಆಧರಿಸಿ, 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ರಾತ್ರಿಯಾಕಾಶದ ಬೆಳಕು ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಹೆಚ್ಚುತ್ತಿದೆ. ಇದೇ ವೇಗ ಮುಂದುವರಿದರೆ, 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು 18 ವರ್ಷಕ್ಕೆ ಬರುವಷ್ಟರಲ್ಲಿ ಅಲ್ಲಿ 100 ಉಳಿದಿರುತ್ತವೆ. ಹಳೆಯ ಸೋಡಿಯಂ ದೀಪದ ಹಳದಿಯನ್ನು ಫಿಲ್ಟರಿನಲ್ಲಿ ತಡೆಯಬಹುದಿತ್ತು. ಬಿಳಿ ಎಲ್‌ಇಡಿಯ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ, ಅದರ ನೀಲಿ ಪಾಲು ಗಾಳಿಯಲ್ಲಿ ಹೆಚ್ಚು ಚದುರುವುದರಿಂದ, ಅದು ಅಷ್ಟು ಸುಲಭದಲ್ಲಿ ಬಗ್ಗುವುದಿಲ್ಲ.

ಆದರೂ ಕತ್ತಲನ್ನು ಉಳಿಸಿಕೊಳ್ಳಲು ದಾರಿಯಿದೆ. ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾಯಿತು. ಹಳ್ಳಿಯ ಯುವಕ ಯುವತಿಯರ ಕೈಗೆ ದೂರದರ್ಶಕ ಕೊಟ್ಟು ಪ್ರವಾಸಿಗರಿಗೆ ಆಕಾಶ ತೋರಿಸಲು ತರಬೇತಿ ಕೊಟ್ಟರು. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಅರಣ್ಯಕ್ಕೆ 2024ರಲ್ಲಿ ಕತ್ತಲ ಆಕಾಶದ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಸುತ್ತಲಿನ ಹಳ್ಳಿಗಳ ದೀಪಗಳನ್ನು ನೆಲಕ್ಕೆ ಮುಖ ಮಾಡಿದ್ದು ಅದಕ್ಕೆ ಮಾಡಿದ ಮುಖ್ಯ ಕೆಲಸ. ಕರ್ನಾಟಕಕ್ಕೆ ಬಂಡೀಪುರವಿದೆ. ವನ್ಯಜೀವಿಗಳಿಗಾಗಿ 2009ರಲ್ಲಿ ಶುರುವಾದ ರಾತ್ರಿ ಸಂಚಾರ ನಿಷೇಧದಿಂದ ಅಲ್ಲಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರ ಮೇಲೆ ವಾಹನಗಳ ಬೆಳಕು ಹೆಚ್ಚಿಲ್ಲ. ಕಾಡಂಚಿನ ಊರುಗಳ, ರೆಸಾರ್ಟುಗಳ ದೀಪಗಳಿಗೆ ಮೇಲ್ಮುಚ್ಚಳ ಹಾಕಿಸಿದರೆ ಅರ್ಧ ಕೆಲಸ ಆದಂತೆ. ಆನೆಗೂ ಅದರಿಂದ ಒಳ್ಳೆಯದೇ.

ಇನ್ನು ಚಿತ್ರಗಳನ್ನು ಎಲ್ಲಿಡಬೇಕೆಂಬ ಪ್ರಶ್ನೆ. ಬೆಂಗಳೂರಿನ ನೆಹರೂ ತಾರಾಲಯವೋ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೋ ಒಂದು ಸಾರ್ವಜನಿಕ ಸಂಗ್ರಹವನ್ನು ತೆರೆಯಬೇಕು. ಅಲ್ಲಿ ಬಣ್ಣ ಹಚ್ಚಿದ ಅಂತಿಮ ಚಿತ್ರದ ಜೊತೆಗೆ ಕ್ಯಾಮೆರಾದ ಮೂಲ ಫೈಲೂ ಇರಬೇಕು. ಮೋಡ ಬಂದ ರಾತ್ರಿಯ, ಏನೂ ಸಿಗದ ರಾತ್ರಿಯ ಫೈಲುಗಳೂ ಬರಲಿ. ಹಾರ್ಡ್‌ಡಿಸ್ಕುಗಳ ಬೆಲೆ ರಾಜ್ಯಕ್ಕೆ ದೊಡ್ಡದಲ್ಲ. ಬೇಕಾದದ್ದು ಅದನ್ನು ಜತನದಿಂದ ನೋಡಿಕೊಳ್ಳುವ ಇಬ್ಬರು ಮೂವರ ಕಾಯಂ ಹುದ್ದೆ. 2027ರ ಆಗಸ್ಟ್ 2ರ ಸಂಜೆ ಕರ್ನಾಟಕದಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ಅಷ್ಟರೊಳಗೆ ಸಂಗ್ರಹ ಸಿದ್ಧವಾದರೆ ಜಿಲ್ಲೆಜಿಲ್ಲೆಯಿಂದ ಹೊತ್ತು ನಮೂದಾದ ಚಿತ್ರಗಳು ಒಂದೇ ಸಂಜೆ ಬಂದು ಸೇರುತ್ತವೆ.

ಹಿಂದಿನದನ್ನೂ ಹುಡುಕಬೇಕು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ಜಮಖಂಡಿಯಿಂದ ರೋಹಿತದರ್ಶಕದಲ್ಲಿ ನೋಡಿದ ಜಾನ್ ಹರ್ಷೆಲ್, ಸೂರ್ಯನಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳನ್ನು ಕಂಡು, ಅವು ಅನಿಲವೆಂದು ತಿಳಿಯಲು ನೆರವಾದ ಟಿಪ್ಪಣಿಗಳನ್ನು ಬರೆದಿಟ್ಟರು. ಜಮಖಂಡಿಯ ಹೆಸರು ಖಗೋಳ ಚರಿತ್ರೆಯಲ್ಲಿ ಉಳಿದದ್ದು ಹಾಗೆ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾದುಹೋಯಿತು. ಬಹಳ ಜನ ಅಂದು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಹೊರಗೆ ನಿಂತು ಫಿಲ್ಮ್ ಕ್ಯಾಮೆರಾದಲ್ಲಿ ಚಿತ್ರ ತೆಗೆದವರೂ ಇದ್ದಿರಲೇಬೇಕು. ಸೂರ್ಯ ಆಗ ಚಟುವಟಿಕೆಯ ತುತ್ತತುದಿಯ ಹತ್ತಿರವಿದ್ದ. ಸೂರ್ಯನ ಸುತ್ತಲಿನ ಪ್ರಭೆಯಾದ ಕರೋನಾ ಆ ದಿನ ಯಾವ ಆಕಾರದಲ್ಲಿತ್ತು ಎಂಬುದಕ್ಕೆ ಅಂಥ ಒಂದೊಂದು ನೆಗೆಟಿವೂ ಪುರಾವೆ. ನೆಗೆಟಿವ್‌ಗಳು ಬೂಷ್ಟು ಹಿಡಿದು ಹಾಳಾಗುವ ವಯಸ್ಸಿಗೆ ಬಂದಿವೆ. ಧಾರವಾಡ, ಗದಗ, ರಾಯಚೂರಿನ ಕಾಲೇಜುಗಳ ಭೌತವಿಜ್ಞಾನ ವಿಭಾಗಗಳು ಮನೆಮನೆಗೆ ಕೇಳಿ, ಸಿಕ್ಕಿದ್ದನ್ನು ಸ್ಕ್ಯಾನ್ ಮಾಡಿ, ತೆಗೆದವರ ಹೆಸರು ಮತ್ತು ನಿಂತ ಜಾಗವನ್ನು ಬರೆದಿಡುವ ಕೆಲಸವನ್ನು ಈ ವರ್ಷವೇ ಹಿಡಿಯಬೇಕು.